ಮೋರಿಯನ್ನು ಹಾದುಹೋಗುವ ಒಳಚರಂಡಿ ಕೊಳವೆ: ಹೈಡ್ರಾಲಿಕ್ ಲೆಕ್ಕಾಚಾರದ ಬಗ್ಗೆ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಬಡಾವಣೆ, ವಸತಿ ಸಮುಚ್ಚಯ ಅಥವಾ ವಾಣಿಜ್ಯ ಕಟ್ಟಡಕ್ಕೆ ಒಳಚರಂಡಿ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಕೆಲವರ ಸ್ವತ್ತು ಮಳೆನೀರು ಕಾಲುವೆಯ ಒಂದು ದಡದಲ್ಲಿದ್ದು, ಸಂಪರ್ಕ ಪಡೆಯಬೇಕಾದ ಮುಖ್ಯ ಕೊಳವೆಯು ಎದುರು ದಡದಲ್ಲಿರುತ್ತದೆ. ಇಂತಹ ಸಂದರ್ಭಗಳಲ್ಲಿ ಹೊಸ ಕೊಳವೆಯು ಕಾಲುವೆಯನ್ನು ದಾಟಲೇಬೇಕಾಗುತ್ತದೆ. ರಸ್ತೆಯ ಮೋರಿ ಇರುವ ಸ್ಥಳದಲ್ಲಿಯೇ ದಾಟಿಸಿದಲ್ಲಿ ವೆಚ್ಚ ಕಡಿಮೆಯಾಗುತ್ತದೆ ಎಂಬ ಕಾರಣದಿಂದ, ಮೋರಿಯ ಎರಡೂ ಪಕ್ಕದ ಗೋಡೆಗಳನ್ನು ಕೊರೆದು ಕೊಳವೆಯನ್ನು ನೀರಿನ ಹಾದಿಗೆ ಅಡ್ಡಲಾಗಿ ಹಾಯಿಸುವ ಪ್ರಸ್ತಾವನೆಗಳು ಬರುತ್ತವೆ.

ಇಂತಹ ಪ್ರಸ್ತಾವನೆಯೊಂದಿಗೆ ಗಣಕಯಂತ್ರದ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಹೈಡ್ರಾಲಿಕ್ ಮಾದರಿಯ ವರದಿಯನ್ನು ಕೇಳುವುದು ಕೇವಲ ಕಡತದ ಔಪಚಾರಿಕತೆಯಲ್ಲ. ಮೋರಿಯೊಳಗಿನ ಕೊಳವೆಯ ಲಾಭ ಅರ್ಜಿದಾರರಿಗೆ ದೊರೆಯುತ್ತದೆ. ಅದರಿಂದ ಮಳೆನೀರಿನ ಮಟ್ಟ ಏರಿದಲ್ಲಿ ಹಾನಿಯು ಮೇಲ್ಭಾಗದ ನಿವಾಸಿಗಳಿಗೆ ಆಗುತ್ತದೆ. ಆ ನಿವಾಸಿಗಳು ಅರ್ಜಿಯಲ್ಲಿ ಪಕ್ಷಗಾರರಾಗಿರುವುದಿಲ್ಲ. ಅವರ ಮನೆಯ ಹೊಸ್ತಿಲವರೆಗೆ ನೀರು ಬರುವುದೇ ಇಲ್ಲವೇ ಎಂಬುದನ್ನು ಕಾಮಗಾರಿಗೆ ಮುನ್ನವೇ ತಿಳಿಯಲು ಇರುವ ಸಾಧನ ಈ ಲೆಕ್ಕಾಚಾರ ಮಾತ್ರ. ವರದಿಯನ್ನು ಸಿದ್ಧಪಡಿಸುವವರು ಇಂಜಿನಿಯರುಗಳಾದರೂ, ಅದನ್ನು ಸಲ್ಲಿಸುವವರು ಅರ್ಜಿದಾರರೇ ಆಗಿರುವುದರಿಂದ, ಅದರಲ್ಲಿ ಏನಿರಬೇಕು ಎಂಬುದನ್ನು ಸರಳವಾಗಿ ಇಲ್ಲಿ ವಿವರಿಸಲಾಗಿದೆ.

2. ಪದಗಳ ಅರ್ಥ

ಅ) ಮೋರಿ: ರಸ್ತೆಯ ಅಡಿಯಲ್ಲಿ ನೀರನ್ನು ಹಾಯಿಸುವ ಸಣ್ಣ ಕಟ್ಟಡ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಒಟ್ಟು ಉದ್ದ 6 ಮೀಟರ್ ಮೀರದಿರುವುದು ಮೋರಿ. ಅದಕ್ಕಿಂತ ದೊಡ್ಡದು ಸೇತುವೆ.
ಆ) ಮೇಲ್ಭಾಗ ಮತ್ತು ಕೆಳಭಾಗ: ನೀರು ಮೋರಿಗೆ ಬರುವ ಕಡೆ ಮೇಲ್ಭಾಗ, ಮೋರಿಯಿಂದ ಹೊರಹೋಗುವ ಕಡೆ ಕೆಳಭಾಗ.
ಇ) ತಳಮಟ್ಟ: ಕೊಳವೆಯ ಅಥವಾ ಮೋರಿಯ ಒಳತಳದ ಎತ್ತರ.
ಈ) ಹಿನ್ನೀರಿನ ಏರಿಕೆ: ಅಡೆತಡೆಯ ಕಾರಣದಿಂದ ಮೇಲ್ಭಾಗದಲ್ಲಿ ನೀರಿನ ಮಟ್ಟವು ಹೆಚ್ಚುವ ಪ್ರಮಾಣ.
ಉ) ಹೈಡ್ರಾಲಿಕ್ ಮಾದರಿ: ಕಾಲುವೆ, ಮೋರಿ ಮತ್ತು ಹರಿವಿನ ಅಳತೆಗಳನ್ನು ತಂತ್ರಾಂಶಕ್ಕೆ ಊಡಿ ನೀರಿನ ಮಟ್ಟ ಹಾಗೂ ವೇಗವನ್ನು ಲೆಕ್ಕ ಹಾಕುವ ಕ್ರಮ.

3. ಬೆಂಗಳೂರು ನಗರದಲ್ಲಿ ಈ ವಿಷಯದ ಮಹತ್ವ

ಬೆಂಗಳೂರು ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆಯ ಮೇಲೆ ನೆಲೆಸಿದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಗೂ, ಕೋರಮಂಗಲ-ಚಲ್ಲಘಟ್ಟ ಹಾಗೂ ಹೆಬ್ಬಾಳ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೂ ಹರಿಯುತ್ತದೆ. ಮಳೆನೀರು ಸಾಗುವ ರಾಜಕಾಲುವೆಗಳು ಈ ಕಣಿವೆಗಳ ತಗ್ಗಿನಲ್ಲಿವೆ. ಒಳಚರಂಡಿಯ ನೀರೂ ಇಳಿಜಾರಿನ ಬಲದಿಂದಲೇ ಹರಿಯಬೇಕಾಗಿರುವುದರಿಂದ ಮುಖ್ಯ ಒಳಚರಂಡಿ ಕೊಳವೆಗಳೂ ಅದೇ ತಗ್ಗನ್ನು ಅನುಸರಿಸುತ್ತವೆ. ಹೀಗಾಗಿ ಕೊಳವೆ ಮತ್ತು ಕಾಲುವೆ ಪರಸ್ಪರ ಎದುರಾಗುವುದು ಈ ನಗರದಲ್ಲಿ ಅಪರೂಪವಲ್ಲ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಬೆಳ್ಳಂದೂರು, ಮಹದೇವಪುರ ಹಾಗೂ ಹೊರವರ್ತುಲ ರಸ್ತೆಯ ಪ್ರದೇಶಗಳು ಜಲಾವೃತವಾದುದು ಸಾರ್ವಜನಿಕರಿಗೆ ತಿಳಿದ ವಿಷಯ. ಕಾಲುವೆಯ ಧಾರಣಶಕ್ತಿಯು ಮೊದಲೇ ಸಾಲದಾಗಿರುವ ಕಡೆ ಸಣ್ಣ ಅಡ್ಡಿಯೂ ಗಣನೆಗೆ ಬರುತ್ತದೆ.

ನಗರದ ನೀರು ಸರಬರಾಜು ಮತ್ತು ಒಳಚರಂಡಿ ವ್ಯವಸ್ಥೆಯು 1964ರ ಅಧಿನಿಯಮದಂತೆ ರಚಿತವಾದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಹೊಣೆಯಾಗಿರುತ್ತದೆ. ಆದರೆ ರಸ್ತೆ, ಮೋರಿ ಮತ್ತು ಮಳೆನೀರು ಕಾಲುವೆಗಳು ಮಂಡಳಿಯ ಸ್ವತ್ತಲ್ಲ. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳ ವ್ಯವಸ್ಥೆಯು ಜಾರಿಗೆ ಬಂದಿರುವುದರಿಂದ, ಸದರಿ ಮೋರಿಯು ಯಾವ ಸಂಸ್ಥೆಯ ವ್ಯಾಪ್ತಿಗೆ ಒಳಪಡುತ್ತದೆ ಎಂಬುದನ್ನು ಅರ್ಜಿದಾರರು ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ.

4. ಮೊದಲು ಪರಿಶೀಲಿಸಬೇಕಾದ ಪರ್ಯಾಯಗಳು

ಮೋರಿಯೊಳಗೆ ಕೊಳವೆ ಹಾಯಿಸುವುದು ಕೊನೆಯ ಆಯ್ಕೆಯಾಗಿರತಕ್ಕದ್ದು. ಅದಕ್ಕೂ ಮುನ್ನ ಈ ಕೆಳಕಂಡ ಪರ್ಯಾಯಗಳನ್ನು ಪರಿಶೀಲಿಸಿ, ಸಾಧ್ಯವಾಗದಿದ್ದಲ್ಲಿ ಕಾರಣವನ್ನು ವರದಿಯಲ್ಲಿ ನಮೂದಿಸುವುದು ಅಗತ್ಯ.

ಅ) ಮೋರಿಯ ತಳದ ಕೆಳಗೆ ಹಾಯಿಸುವುದು. ನೀರಿನ ಹಾದಿಗೆ ಯಾವುದೇ ಅಡ್ಡಿಯಾಗದ ಕಾರಣ ಇದು ಉತ್ತಮ ಕ್ರಮ. ರಸ್ತೆಯನ್ನು ಅಗೆಯದೆ ನೆಲದಡಿಯಲ್ಲಿ ಕೊಳವೆಯನ್ನು ನೂಕುವ ವಿಧಾನವೂ ಲಭ್ಯವಿದೆ. ಕೆಳಭಾಗದ ಆಳುಗುಂಡಿಯ ತಳಮಟ್ಟವು ಇದಕ್ಕೆ ಅನುಕೂಲವಾಗಿರಬೇಕು.
ಆ) ತಲೆಕೆಳಗಾದ ಸೈಫನ್. ಕೊಳವೆಯನ್ನು ಕಾಲುವೆಯ ಅಡಿಗೆ ಇಳಿಸಿ ಎದುರು ದಡದಲ್ಲಿ ಮತ್ತೆ ಮೇಲೆತ್ತುವ ವಿಧಾನ. ತಗ್ಗಿನಲ್ಲಿ ಹೂಳು ನಿಲ್ಲದಿರಲು ನೀರಿನ ವೇಗವು ಸೆಕೆಂಡಿಗೆ ಸುಮಾರು 1 ಮೀಟರ್ ಇರಬೇಕಾಗುತ್ತದೆ, ನಿರ್ವಹಣೆಯೂ ಹೆಚ್ಚು. ಹರಿವು ಕಡಿಮೆ ಇರುವ ಸಣ್ಣ ಸಂಪರ್ಕಗಳಿಗೆ ಇದು ಹೊಂದುವುದಿಲ್ಲ.
ಇ) ಮೋರಿಯ ಮೇಲ್ಚಪ್ಪಡಿಗೂ ರಸ್ತೆಯ ಮೇಲ್ಮೈಗೂ ನಡುವೆ ಹಾಯಿಸುವುದು. ಸಾಕಷ್ಟು ದಪ್ಪದ ಮಣ್ಣು ಇದ್ದಲ್ಲಿ ಮಾತ್ರ ಸಾಧ್ಯ.
ಈ) ಪಂಪು ಮಾಡಿ ಬೇರೆ ದಾರಿಯಲ್ಲಿ ಸಾಗಿಸುವುದು. ವಿದ್ಯುತ್ ಮತ್ತು ನಿರ್ವಹಣೆಯ ಖರ್ಚು ನಿರಂತರವಾಗಿರುತ್ತದೆ.

ಇಳಿಜಾರಿನ ಬಲದಿಂದ ಹರಿಯುವ ಕೊಳವೆಯನ್ನು ಮನಬಂದಂತೆ ಏರಿಸಲು ಅಥವಾ ಇಳಿಸಲು ಬರುವುದಿಲ್ಲ. ಎರಡೂ ಬದಿಯ ಆಳುಗುಂಡಿಗಳ ತಳಮಟ್ಟವು ಕೊಳವೆಯ ಎತ್ತರವನ್ನು ನಿರ್ಧರಿಸಿಬಿಡುತ್ತದೆ. ಆ ಎತ್ತರವು ಮೋರಿಯ ಬಾಯಿಯ ನಡುವೆಯೇ ಬಂದು, ಮೇಲ್ಕಂಡ ಯಾವ ಪರ್ಯಾಯವೂ ಹೊಂದದಿದ್ದಾಗ ಮಾತ್ರ ಮುಂದಿನ ಲೆಕ್ಕಾಚಾರದ ಪ್ರಶ್ನೆ ಏಳುತ್ತದೆ.

5. ಕೊಳವೆಯು ಆಕ್ರಮಿಸುವ ಜಾಗ

ವರದಿಗಳಲ್ಲಿ ಮೊದಲು ಗಮನಿಸಬೇಕಾದುದು ಇದು. 3 ಮೀಟರ್ ಅಗಲ, 2 ಮೀಟರ್ ಎತ್ತರದ ಬಾಕ್ಸ್ ಮೋರಿಯ ಬಾಯಿ 6 ಚದರ ಮೀಟರ್. ಹೊರವ್ಯಾಸ 450 ಮಿ.ಮೀ. ಇರುವ ಕೊಳವೆಯ ವೃತ್ತಾಕಾರದ ವಿಸ್ತೀರ್ಣ 0.159 ಚದರ ಮೀಟರ್, ಅಂದರೆ ಬಾಯಿಯ ಶೇಕಡ 2.7ರಷ್ಟು. ಈ ಅಂಕಿಯನ್ನು ಮುಂದಿಟ್ಟು ಅಡ್ಡಿಯು ಅಲ್ಪವೆಂದು ತೀರ್ಮಾನಿಸುವುದು ಸರಿಯಲ್ಲ. ಕೊಳವೆಯು ನೀರಿನ ದಿಕ್ಕಿನಲ್ಲಿಯೇ, ಮೋರಿಯ ಉದ್ದಕ್ಕೂ ಸಾಗಿದರೆ ಮಾತ್ರ ಆ ಲೆಕ್ಕ ಅನ್ವಯಿಸುತ್ತದೆ.

ಅದೇ ಕೊಳವೆಯು ಒಂದು ಗೋಡೆಯಿಂದ ಮತ್ತೊಂದು ಗೋಡೆಗೆ ಅಡ್ಡಲಾಗಿ ಹಾದುಹೋದಾಗ ನೀರಿಗೆ ಎದುರಾಗುವುದು ಅದರ ಪಾರ್ಶ್ವ. ಆಗ ಅಡ್ಡಿಯ ವಿಸ್ತೀರ್ಣವು 0.45 ಮೀಟರ್ ಮತ್ತು 3 ಮೀಟರ್‌ಗಳ ಗುಣಲಬ್ಧ, ಅಂದರೆ 1.35 ಚದರ ಮೀಟರ್. ಇದು ಬಾಯಿಯ ಶೇಕಡ 22.5. ಕೊಳವೆಗೆ ರಕ್ಷಣೆಗಾಗಿ ಸುತ್ತಲೂ ಕಾಂಕ್ರೀಟ್ ಹೊದಿಕೆ ನೀಡಿದಲ್ಲಿ ಆ ಹೊದಿಕೆಯ ಹೊರ ಅಳತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. 150 ಮಿ.ಮೀ. ದಪ್ಪದ ಹೊದಿಕೆಯಿಂದ 450 ಮಿ.ಮೀ. ಕೊಳವೆಯು 750 ಮಿ.ಮೀ. ತೊಲೆಯಾಗುತ್ತದೆ.

ಕೊಳವೆಯ ಎತ್ತರವೂ ಮುಖ್ಯ. ತಳಕ್ಕೆ ತಾಗಿದ ಕೊಳವೆಯು ಸಣ್ಣ ಒಡ್ಡಿನಂತೆ ವರ್ತಿಸಿ ಮೇಲ್ಭಾಗದಲ್ಲಿ ಹೂಳನ್ನು ನಿಲ್ಲಿಸುತ್ತದೆ. ಚಪ್ಪಡಿಗೆ ತಾಗಿದ ಕೊಳವೆಯು ಸಾಮಾನ್ಯ ಮಳೆಯಲ್ಲಿ ನೀರಿಗೆ ತಾಗುವುದಿಲ್ಲ. ಮೋರಿ ತುಂಬಿ ಹರಿಯುವಾಗ, ಅಂದರೆ ಪೂರ್ಣ ಬಾಯಿ ಬೇಕಾದಾಗಲೇ, ಅಡ್ಡ ಬರುತ್ತದೆ. ನಡುವೆ ಇರುವ ಕೊಳವೆಗೆ ತೇಲಿಬರುವ ಕೊಂಬೆ, ಪ್ಲಾಸ್ಟಿಕ್, ಬಟ್ಟೆ ಎಲ್ಲವೂ ಸಿಕ್ಕಿಕೊಳ್ಳುತ್ತವೆ.

6. ಹರಿವಿನ ಪ್ರಮಾಣ

ಚಿಕ್ಕ ಜಲಾನಯನ ಪ್ರದೇಶಗಳಿಗೆ ಸಾಮಾನ್ಯವಾಗಿ ಬಳಸುವ ಸೂತ್ರವು ಸರಳವಾಗಿದೆ. ಹರಿವಿನ ಗುಣಾಂಕ, ಗಂಟೆಗೆ ಮಿಲಿಮೀಟರ್‌ಗಳಲ್ಲಿ ಮಳೆಯ ತೀವ್ರತೆ ಹಾಗೂ ಹೆಕ್ಟೇರುಗಳಲ್ಲಿ ವಿಸ್ತೀರ್ಣ, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಘನ ಮೀಟರ್‌ಗಳಲ್ಲಿ ಹರಿವು ದೊರೆಯುತ್ತದೆ. ಉದಾಹರಣೆಗೆ, 60 ಹೆಕ್ಟೇರ್ ವಿಸ್ತೀರ್ಣ, 0.8 ಗುಣಾಂಕ ಮತ್ತು ಗಂಟೆಗೆ 90 ಮಿ.ಮೀ. ತೀವ್ರತೆಗೆ ಹರಿವು 12 ಘನ ಮೀಟರ್.

ಕಟ್ಟಡ ಮತ್ತು ರಸ್ತೆಗಳಿಂದ ಮುಚ್ಚಿಹೋದ ನೆಲದಲ್ಲಿ ನೀರು ಇಂಗುವುದಿಲ್ಲವಾದ್ದರಿಂದ ಗುಣಾಂಕವು ಹೆಚ್ಚುತ್ತದೆ. ಇಂದಿನ ಖಾಲಿ ಜಾಗಗಳನ್ನು ನೋಡಿ ಕಡಿಮೆ ಗುಣಾಂಕ ಹಿಡಿದಲ್ಲಿ ಕೆಲವೇ ವರ್ಷಗಳಲ್ಲಿ ಲೆಕ್ಕವು ತಪ್ಪಾಗುತ್ತದೆ. ಎಷ್ಟು ವರ್ಷಗಳಿಗೊಮ್ಮೆ ಬರುವ ಮಳೆಗೆ ವಿನ್ಯಾಸ ಮಾಡಬೇಕೆಂಬುದನ್ನು ಕಾಲುವೆಯ ಹೊಣೆ ಹೊತ್ತ ಸಂಸ್ಥೆಯಿಂದ ಲಿಖಿತವಾಗಿ ಪಡೆಯುವುದು ಸೂಕ್ತ. ಕೇಂದ್ರ ಸರ್ಕಾರದ ನಗರ ವ್ಯವಹಾರಗಳ ಸಚಿವಾಲಯವು 2019ರಲ್ಲಿ ಹೊರತಂದ ಮಳೆನೀರು ಚರಂಡಿ ವ್ಯವಸ್ಥೆಯ ಕೈಪಿಡಿಯಲ್ಲಿ ಈ ಬಗ್ಗೆ ಮಾರ್ಗದರ್ಶನವಿದೆ.

7. ತಂತ್ರಾಂಶದಲ್ಲಿ ಕೊಳವೆಯನ್ನು ತೋರಿಸುವ ಕ್ರಮ

ಈ ಕಾರ್ಯಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವುದು ಅಮೆರಿಕ ಸೇನೆಯ ಇಂಜಿನಿಯರುಗಳ ದಳವು 1995ರಲ್ಲಿ ಮೊದಲು ಬಿಡುಗಡೆ ಮಾಡಿದ ಹೆಕ್-ರಾಸ್ ತಂತ್ರಾಂಶ. ಇದು ಉಚಿತವಾಗಿ ದೊರೆಯುತ್ತದೆ. ಕಾಲುವೆಯ ಅಡ್ಡಕೊಯ್ತಗಳ ಅಳತೆಗಳನ್ನು ಊಡಿದರೆ ಪ್ರತಿ ಕೊಯ್ತದಲ್ಲಿಯೂ ನೀರಿನ ಮಟ್ಟವನ್ನು ಇದು ನೀಡುತ್ತದೆ. ಮೋರಿಯ ಮೇಲ್ಭಾಗದಲ್ಲಿ ಎರಡು, ಕೆಳಭಾಗದಲ್ಲಿ ಎರಡು, ಹೀಗೆ ಕನಿಷ್ಠ ನಾಲ್ಕು ಅಡ್ಡಕೊಯ್ತಗಳು ಬೇಕಾಗುತ್ತವೆ. ಮೋರಿಯ ಬಾಯಿಯೇ ಹರಿವನ್ನು ನಿಯಂತ್ರಿಸುತ್ತದೆಯೇ, ಅಥವಾ ಒಳಮೈಯ ಘರ್ಷಣೆ ಹಾಗೂ ಕೆಳಭಾಗದ ನೀರಿನ ಮಟ್ಟ ನಿಯಂತ್ರಿಸುತ್ತದೆಯೇ ಎಂಬ ಎರಡೂ ಲೆಕ್ಕಗಳನ್ನು ಮಾಡಿ, ಹೆಚ್ಚಿನ ಮಟ್ಟ ಬರುವುದನ್ನು ತಂತ್ರಾಂಶವು ಆಯ್ದುಕೊಳ್ಳುತ್ತದೆ.

ಆದರೆ ಮೋರಿಯ ವಿವರ ತುಂಬುವ ಕಡೆ ಅಡ್ಡ ಕೊಳವೆಗೆಂದೇ ಪ್ರತ್ಯೇಕ ಅಂಕಣವಿಲ್ಲ. ಆದ್ದರಿಂದ ಕೊಳವೆಯ ಸ್ಥಾನಕ್ಕೆ ಅನುಗುಣವಾಗಿ ಈ ಕೆಳಕಂಡಂತೆ ತೋರಿಸಬೇಕಾಗುತ್ತದೆ.

ಅ) ಕೊಳವೆ ತಳದಲ್ಲಿದ್ದಲ್ಲಿ: ತಳದಿಂದ ಇಂತಿಷ್ಟು ಎತ್ತರ ಮುಚ್ಚಿದೆ ಎಂದು ನಮೂದಿಸುವ ಅವಕಾಶವನ್ನು ಬಳಸಬಹುದು. ಕೊಳವೆಯ ಮೇಲಂಚಿನವರೆಗೆ ಮುಚ್ಚಿದೆಯೆಂದು ತೋರಿಸತಕ್ಕದ್ದು.
ಆ) ಕೊಳವೆ ಚಪ್ಪಡಿಯ ಬಳಿ ಇದ್ದಲ್ಲಿ: ಮೋರಿಯ ಎತ್ತರವನ್ನು ಕೊಳವೆಯ ಕೆಳಅಂಚಿನವರೆಗೆ ತಗ್ಗಿಸಿ ತೋರಿಸಬಹುದು.
ಇ) ಕೊಳವೆ ನಡುವೆ ಇದ್ದಲ್ಲಿ: ಒಂದೇ ಮೋರಿಯನ್ನು, ಕೊಳವೆಯ ಕೆಳಗಿನ ಬಾಯಿ ಮತ್ತು ಮೇಲಿನ ಬಾಯಿ ಎಂದು ಬೇರೆ ಬೇರೆ ತಳಮಟ್ಟದ ಎರಡು ಮೋರಿಗಳಾಗಿ ತೋರಿಸಬಹುದು. ಮೇಲಿನ ಉದಾಹರಣೆಯಲ್ಲಿ ಕೊಳವೆಯ ಕೆಳಅಂಚು ತಳದಿಂದ 1 ಮೀಟರ್ ಎತ್ತರದಲ್ಲಿದ್ದರೆ, ಕೆಳಗಿನದು 1 ಮೀಟರ್, ಮೇಲಿನದು 0.55 ಮೀಟರ್ ಎತ್ತರದ ಮೋರಿಯಾಗುತ್ತದೆ.

ಈ ಮೂರೂ ಕ್ರಮಗಳಲ್ಲಿ ಕೊಳವೆಯು ಮೋರಿಯ ಸಂಪೂರ್ಣ ಉದ್ದಕ್ಕೂ ಇದೆಯೆಂದು ಭಾವಿಸಿದಂತಾಗುತ್ತದೆ. ವಾಸ್ತವವಾಗಿ ಅದು ಅರ್ಧ ಮೀಟರ್ ಜಾಗದಲ್ಲಿ ಮಾತ್ರ ಇರುವುದರಿಂದ ಒಳಮೈಯ ಘರ್ಷಣೆಯು ಹೆಚ್ಚಾಗಿ ಕಾಣುತ್ತದೆ. ಇನ್ನೊಂದೆಡೆ, ಕೊಳವೆಯನ್ನು ದಾಟಿದ ಕೂಡಲೇ ನೀರು ಹಿಗ್ಗುವಾಗ ಉಂಟಾಗುವ ಸುಳಿಯ ನಷ್ಟವು ಈ ಲೆಕ್ಕದಲ್ಲಿ ಬಾರದೆ ಹೋಗಬಹುದು. ಆದ್ದರಿಂದ ಪ್ರವೇಶ ಮತ್ತು ನಿರ್ಗಮನ ನಷ್ಟದ ಗುಣಾಂಕಗಳನ್ನು ಯಾವ ಆಧಾರದ ಮೇಲೆ ಆಯ್ಕೆ ಮಾಡಲಾಗಿದೆ ಎಂಬುದನ್ನು ವರದಿಯಲ್ಲಿ ಬರೆಯತಕ್ಕದ್ದು. ಕೊಳವೆಯು ಮೋರಿಯ ಬಾಯಿಯಲ್ಲಿಯೇ ಇದ್ದು ಬಾಯಿಯೇ ಹರಿವನ್ನು ನಿಯಂತ್ರಿಸುವ ಸಂದರ್ಭದಲ್ಲಿ ಪರಿಣಾಮವು ತೀವ್ರವಾಗಿರುತ್ತದೆ.

ಮೋರಿಯ ಮೇಲಿನ ರಸ್ತೆಯ ಉದ್ದಕೊಯ್ತವನ್ನೂ ಮಾದರಿಯಲ್ಲಿ ಸೇರಿಸುವುದು ಅಗತ್ಯ. ಮೋರಿಗೆ ಹಿಡಿಸದ ನೀರು ರಸ್ತೆಯನ್ನೇರಿ ತಗ್ಗಿರುವ ಕಡೆಗೆ ನುಗ್ಗುತ್ತದೆ. ಆ ತಗ್ಗಿನಲ್ಲಿ ಯಾರ ಮನೆಯಿದೆ ಎಂಬುದು ಆಗ ತಿಳಿಯುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1971ರಲ್ಲಿ ಮೊದಲು ಸಿದ್ಧಪಡಿಸಿದ ಎಸ್‌ಡಬ್ಲ್ಯೂಎಂಎಂ ತಂತ್ರಾಂಶವನ್ನೂ ಬಳಸಬಹುದು. ಅದರಲ್ಲಿ ಕೊಳವೆ ಇರುವ ಸ್ಥಳದ ನಷ್ಟವನ್ನು ನಷ್ಟದ ಗುಣಾಂಕದ ರೂಪದಲ್ಲಿ ನೀಡಬೇಕಾಗುತ್ತದೆ. ತಂತ್ರಾಂಶ ಯಾವುದೇ ಆದರೂ, ಊಡಿದ ಅಳತೆಗಳು ಸರಿಯಾಗಿದ್ದಲ್ಲಿ ಮಾತ್ರ ಫಲಿತಾಂಶವು ಸರಿಯಾಗಿರುತ್ತದೆ.

8. ಉದಾಹರಣೆ: ಮೂರು ಸ್ಥಿತಿಗಳ ಹೋಲಿಕೆ

ಮೇಲ್ಕಂಡ 3 ಮೀಟರ್ ಅಗಲ, 2 ಮೀಟರ್ ಎತ್ತರದ ಮೋರಿಯ ಉದ್ದ 10 ಮೀಟರ್ ಇದೆ, ಹರಿವು ಸೆಕೆಂಡಿಗೆ 12 ಘನ ಮೀಟರ್ ಇದೆ, ಕೆಳಭಾಗದ ನೀರು ಚಪ್ಪಡಿಯ ಮಟ್ಟದಲ್ಲಿದ್ದು ಮೋರಿಯು ತುಂಬಿ ಹರಿಯುತ್ತಿದೆ ಎಂದು ಭಾವಿಸಲಾಗಿದೆ. ಒಳಮೈಯ ಒರಟುತನದ ಗುಣಾಂಕ 0.015, ಪ್ರವೇಶ ನಷ್ಟದ ಗುಣಾಂಕ 0.5, ನಿರ್ಗಮನ ನಷ್ಟದ ಗುಣಾಂಕ 1.0. ಕೊಳವೆಯ ಬಳಿ ನೀರಿನ ಧಾರೆಯು ಕುಗ್ಗುವ ಗುಣಾಂಕವನ್ನು ಬರಿಯ ಕೊಳವೆಗೆ 0.85, ಕಸ ಸಿಕ್ಕಿಕೊಂಡ ಕೊಳವೆಗೆ 0.70 ಎಂದು ಹಿಡಿಯಲಾಗಿದೆ. ಕೈಲೆಕ್ಕದ ಫಲಿತಾಂಶವು ಈ ಕೆಳಕಂಡಂತಿದೆ.

ಸ್ಥಿತಿ 1, ಕೊಳವೆ ಇಲ್ಲದಿರುವಾಗ: ತೆರೆದ ಬಾಯಿ 6.00 ಚದರ ಮೀಟರ್. ಮೇಲ್ಭಾಗದ ನೀರು ಕೆಳಭಾಗಕ್ಕಿಂತ ಸುಮಾರು 0.32 ಮೀಟರ್ ಎತ್ತರ.
ಸ್ಥಿತಿ 2, ಸ್ವಚ್ಛ ಕೊಳವೆ ಇರುವಾಗ: ತೆರೆದ ಬಾಯಿ 4.65 ಚದರ ಮೀಟರ್. ಎತ್ತರ ಸುಮಾರು 0.38 ಮೀಟರ್.
ಸ್ಥಿತಿ 3, ಕೊಳವೆಗೆ 0.30 ಮೀಟರ್ ದಪ್ಪದ ಕಸ ಸಿಕ್ಕಿಕೊಂಡಾಗ: ತೆರೆದ ಬಾಯಿ 3.75 ಚದರ ಮೀಟರ್. ಎತ್ತರ ಸುಮಾರು 0.66 ಮೀಟರ್.

ಸ್ವಚ್ಛ ಕೊಳವೆಯಿಂದ ಮೇಲ್ಭಾಗದ ಮಟ್ಟವು ಸುಮಾರು 6 ಸೆಂಟಿಮೀಟರ್ ಮಾತ್ರ ಏರುತ್ತದೆ. ಕಸ ಸಿಕ್ಕಿಕೊಂಡಾಗ ಏರಿಕೆಯು ಸುಮಾರು 34 ಸೆಂಟಿಮೀಟರ್; ಇದು ತಗ್ಗಿನ ಮನೆಗಳ ಒಳಗೆ ನೀರು ನುಗ್ಗಲು ಸಾಕಾಗುವಷ್ಟು. ಎರಡನೆಯ ಸ್ಥಿತಿಯನ್ನು ಮಾತ್ರ ತೋರಿಸಿದ ವರದಿಯು ಲೆಕ್ಕದಲ್ಲಿ ಸರಿಯಿದ್ದರೂ ಅಪೂರ್ಣ. ಮೊದಲ ಜೋರು ಮಳೆಯಲ್ಲಿ ಕಾಲುವೆಯ ಕಸವೆಲ್ಲ ಒಟ್ಟಿಗೆ ಬರುವುದು ಸಾಮಾನ್ಯ ಅನುಭವವಾಗಿರುವುದರಿಂದ, ಮೂರನೆಯ ಸ್ಥಿತಿಯನ್ನೇ ನಿರ್ಧಾರಕ್ಕೆ ಆಧಾರವಾಗಿ ಪರಿಗಣಿಸುವುದು ಸಮಂಜಸ. ಮೇಲಿನ ಅಂಕಿಗಳು ವಿವರಣೆಗಾಗಿ ಮಾತ್ರ. ಪ್ರತಿ ಸ್ಥಳಕ್ಕೂ ಪ್ರತ್ಯೇಕ ಲೆಕ್ಕ ಅಗತ್ಯ.

9. ವರದಿಯಲ್ಲಿ ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಆಳುಗುಂಡಿ, ಮೋರಿ ಮತ್ತು ರಸ್ತೆಯ ಎತ್ತರಗಳನ್ನು ಒಂದೇ ಆಧಾರಮಟ್ಟದಿಂದ ಅಳೆಯಲಾಗಿದೆಯೇ. ಒಳಚರಂಡಿಯ ಅಳತೆ ಒಂದು ಆಧಾರದಿಂದ, ಕಾಲುವೆಯ ಅಳತೆ ಇನ್ನೊಂದರಿಂದ ಇದ್ದಲ್ಲಿ ಕೊಳವೆಯು ನಕ್ಷೆಯಲ್ಲಿ ಒಂದೆಡೆ, ಸ್ಥಳದಲ್ಲಿ ಮತ್ತೊಂದೆಡೆ ಬರುತ್ತದೆ.
(2) ಮೋರಿಯ ಅಳತೆಯನ್ನು ಸ್ಥಳದಲ್ಲಿ ತೆಗೆದುಕೊಳ್ಳಲಾಗಿದೆಯೇ. ಹೂಳು ತುಂಬಿದ್ದಲ್ಲಿ ಅದರ ಎತ್ತರವನ್ನು ನಮೂದಿಸಲಾಗಿದೆಯೇ.
(3) ಕೊಳವೆಯ ಹೊರ ಅಳತೆಯನ್ನು ಹೊದಿಕೆ ಸಹಿತ ಬಳಸಲಾಗಿದೆಯೇ.
(4) ಮೂರೂ ಸ್ಥಿತಿಗಳ ಮಟ್ಟಗಳನ್ನು ಒಂದೇ ಕೋಷ್ಟಕದಲ್ಲಿ ನೀಡಲಾಗಿದೆಯೇ.
(5) ವ್ಯತ್ಯಾಸವು ಸಂಪೂರ್ಣವಾಗಿ ಇಲ್ಲವಾಗುವವರೆಗೆ ಮೇಲ್ಭಾಗದ ಅಡ್ಡಕೊಯ್ತಗಳನ್ನು ತೆಗೆದುಕೊಳ್ಳಲಾಗಿದೆಯೇ. ಆ ಉದ್ದದಲ್ಲಿರುವ ತಗ್ಗಿನ ಮನೆಗಳ ನೆಲಮಟ್ಟವನ್ನು ತೋರಿಸಲಾಗಿದೆಯೇ.
(6) ಕೊಳವೆಯ ಭದ್ರತೆಯ ಲೆಕ್ಕವಿದೆಯೇ. ಖಾಲಿ ಇರುವ 450 ಮಿ.ಮೀ. ಹೊರವ್ಯಾಸದ ಕೊಳವೆಯನ್ನು ಪ್ರವಾಹವು ಪ್ರತಿ ಮೀಟರಿಗೆ ಸುಮಾರು 159 ಕಿಲೋಗ್ರಾಂ ಬಲದಿಂದ ಮೇಲಕ್ಕೆ ನೂಕುತ್ತದೆ. ಕೊಳವೆ ಒಡೆದಲ್ಲಿ ಕೊಳಚೆಯು ನೇರವಾಗಿ ಕಾಲುವೆಗೆ, ಅಲ್ಲಿಂದ ಕೆರೆಗೆ ಸೇರುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಕ್ಕದ ಮೋರಿಯಲ್ಲಿ ಈಗಾಗಲೇ ಕೊಳವೆ ಇದೆ. ಹಾಗಾದರೆ ಲೆಕ್ಕಾಚಾರ ಏಕೆ ಬೇಕು?
ಉತ್ತರ: ಹಳೆಯ ಕೊಳವೆಯು ಈಗಾಗಲೇ ಸ್ವಲ್ಪ ಜಾಗವನ್ನು ಆಕ್ರಮಿಸಿರುವುದರಿಂದಲೇ ಹೊಸದರ ಪರಿಣಾಮವನ್ನು ಎಚ್ಚರದಿಂದ ಅಳೆಯಬೇಕಾಗುತ್ತದೆ. ಎರಡೂ ಮೋರಿಗಳನ್ನು ಒಂದೇ ಮಾದರಿಯಲ್ಲಿ ಸೇರಿಸುವುದು ಸೂಕ್ತ.

ಪ್ರಶ್ನೆ: ಕೊಳವೆಯ ಮುಂದೆ ಕಸ ತಡೆಯುವ ಜಾಲರಿ ಹಾಕಿದರೆ ಸಾಲದೇ?
ಉತ್ತರ: ಜಾಲರಿಯೂ ಕಸ ತುಂಬಿ ಕಟ್ಟಿಕೊಳ್ಳುತ್ತದೆ. ಮಳೆಯ ಸಮಯದಲ್ಲಿ ಅದನ್ನು ತೆರವುಗೊಳಿಸುವ ಏರ್ಪಾಡು ಇಲ್ಲದಿದ್ದಲ್ಲಿ ತೊಂದರೆಯು ಕೊಳವೆಯಿಂದ ಜಾಲರಿಗೆ ಸ್ಥಳಾಂತರವಾಗುತ್ತದೆಯಷ್ಟೆ.

ಪ್ರಶ್ನೆ: ಏರಿಕೆ ಕಂಡುಬಂದಲ್ಲಿ ಅರ್ಜಿಯು ತಿರಸ್ಕೃತವಾದಂತೆಯೇ?
ಉತ್ತರ: ಹಾಗೇನಿಲ್ಲ. ಮೋರಿಗೆ ಮತ್ತೊಂದು ಬಾಯಿ ಸೇರಿಸುವುದು, ಮೋರಿಯನ್ನು ಅಗಲಗೊಳಿಸುವುದು ಅಥವಾ ಕೊಳವೆಯನ್ನು ತಳದ ಕೆಳಗೆ ಇಳಿಸುವುದು ಮೊದಲಾದ ಪರಿಹಾರಗಳನ್ನು ಅದೇ ಮಾದರಿಯಲ್ಲಿ ಪರೀಕ್ಷಿಸಿ ಪರಿಷ್ಕೃತ ಪ್ರಸ್ತಾವನೆಯನ್ನು ಸಿದ್ಧಪಡಿಸಬಹುದು.

ಪ್ರಶ್ನೆ: ಸಂಪರ್ಕ ದೊರೆಯುವವರೆಗೆ ಕೊಳಚೆಯನ್ನು ಕಾಲುವೆಗೆ ಬಿಡಬಹುದೇ?
ಉತ್ತರ: ಬಿಡುವಂತಿಲ್ಲ. ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರಂತೆ ಇದು ಶಿಕ್ಷಾರ್ಹ.

11. ವಿಶೇಷ ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ಇದ್ದು, ಜಾರಿಯಲ್ಲಿರುವ ಅಧಿನಿಯಮ, ನಿಯಮ ಹಾಗೂ ಆದೇಶಗಳಿಗೆ ಬದಲಿಯಾಗಿರುವುದಿಲ್ಲ. ಅರ್ಜಿದಾರರು ತಾಂತ್ರಿಕ ಸಲಹೆಗಾರರನ್ನು ನೇಮಿಸಿಕೊಳ್ಳುವಾಗಲೇ ಮೇಲ್ಕಂಡ 9ನೇ ಕಂಡಿಕೆಯ ಅಂಶಗಳನ್ನು ಅವರಿಗೆ ಲಿಖಿತವಾಗಿ ತಿಳಿಸಿದಲ್ಲಿ ವರದಿಯನ್ನು ಪುನಃ ಪುನಃ ತಿದ್ದುವ ವಿಳಂಬವನ್ನು ತಪ್ಪಿಸಬಹುದು. ಮೋರಿಯ ಗೋಡೆಯನ್ನು ಲಿಖಿತ ಅನುಮತಿಯಿಲ್ಲದೆ ಕೊರೆಯಬಾರದು. ಕಾಮಗಾರಿಯನ್ನು ಮಳೆಗಾಲಕ್ಕೆ ಮುನ್ನ ಪೂರ್ಣಗೊಳಿಸಿ, ಮೋರಿಯೊಳಗಿನ ಮಣ್ಣು, ಸೆಂಟ್ರಿಂಗ್ ಹಲಗೆ ಹಾಗೂ ಕಟ್ಟಡ ತ್ಯಾಜ್ಯವನ್ನು ಸಂಪೂರ್ಣವಾಗಿ ತೆರವುಗೊಳಿಸತಕ್ಕದ್ದು.